ಮಗುವಿನ ಕೌದಿಗೆ ಹಳೆ ಪತ್ತಲವೋ, ಹೊಸ ಅರಿವಿಯೋ?

ಬಾಗಲಕೋಟೆ ಕಡೆ ಕಡಿಮೆ ಖರ್ಚಿನಲ್ಲಿ ಮಗುವಿಗೆ ಕೌದಿ (ಬಟ್ಟೆ ಪದರ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ) ಹೊಲಿಯುವವರಿಗೆ ಎರಡು ದಾರಿ. ಮನೆಯ ಹಳೆ ಹತ್ತಿ ಪತ್ತಲ (ಸೀರೆ), ಧೋತರ ಹಾಕಿದರೆ ಖರ್ಚು ಸೂಜಿ-ದಾರದ್ದಷ್ಟೇ. ವರ್ಷಗಟ್ಟಲೆ ಒಗೆಸಿಕೊಂಡ ಅರಿವಿ (ಬಟ್ಟೆ) ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಆದರೆ ಬೆಳಕಿಗೆ ಹಿಡಿದು ನೋಡಿ: ನೂಲು ಜಾಲರಿಯಂತೆ ಕಂಡರೆ ಆ ಭಾಗ ಒಳಪದರಕ್ಕೆ ಮಾತ್ರ. ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ನಾನಂತೂ ಮಕ್ಕಳ ಕೌದಿಗೆ ಹಾಕುವುದಿಲ್ಲ, ಪದೇ ಪದೇ ಒಗೆದರೆ ಅದು ತಾಳುವುದಿಲ್ಲ.

ಹೊಸ ಕಾಟನ್ ಹೆಚ್ಚು ದಿನ ಬಾಳುತ್ತದೆ, ಬೇಕಾದ ಬಣ್ಣ ಸಿಗುತ್ತದೆ. ದುಡ್ಡು ಮಾತ್ರ ಬೇಕು. ಒಮ್ಮೆ ಒಗೆದು ಒಣಗಿಸದೆ ಕತ್ತರಿ ಹಾಕಿದರೆ ಆಮೇಲೆ ಕುಗ್ಗಿ ಕೌದಿಯೇ ಮುದುಡುತ್ತದೆ. ಕೆಂಪು ಬಟ್ಟೆಯಾದರೆ ಒದ್ದೆ ಬಿಳಿ ಅರಿವಿಯಿಂದ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ.

ನನ್ನನ್ನು ಕೇಳಿದರೆ ಒಳಗೂ ಕೆಳಗೂ ಹಳೆ ಪತ್ತಲ, ಮೇಲ್ಭಾಗಕ್ಕೆ ದರ್ಜಿ ಅಂಗಡಿಯಲ್ಲಿ ಉಳಿದ ಹತ್ತಿ ತುಂಡು. ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ಚೂರಿದ್ದರೆ ಮೂಲೆಗೊಂದು. 3 ಅಡಿ ಅಗಲ, 4 ಅಡಿ ಉದ್ದ ಸಾಕು. ಪದರ ಜಾರದಂತೆ ಮೊದಲು ದೊಡ್ಡ ಹೊಲಿಗೆ ಹಾಕಿಕೊಳ್ಳಿ, ಆಮೇಲೆ ಅಂಚು ಒಳಗೆ ಮಡಚಿ ಅಲ್ಲಿಂದ ಸುತ್ತುತ್ತ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟೇ ಅಂತರವಿರಲಿ. ವರ್ಷ ತುಂಬದ ಕೂಸಿಗೆ ಮಲಗಿದಾಗ ಇದನ್ನು ಹೊದಿಸಬೇಡಿ.