ತೇವಾಂಶ ಮಾಪಕದೊಂದಿಗೆ ನಾಲ್ಕು ಮಳೆಗಾಲ: ಒದ್ದೆ ಗೋಡೆಯ ಕಾರಣ ಸಿಕ್ಕಿದ್ದು ಅಂಗಳದಲ್ಲಿ

ಪುತ್ತೂರಿನ ನಮ್ಮ ಮನೆಗೆ ಈ ಮಾಯಿಶ್ಚರ್ ಮೀಟರ್ ತಂದದ್ದು 2021ರ ಜೂನ್‌ನಲ್ಲಿ. ಟಿವಿ ರಿಮೋಟಿನಷ್ಟು ಗಾತ್ರ, ತುದಿಯಲ್ಲಿ ಎರಡು ಸೂಜಿ, ಬೆಲೆ 1,650 ರೂಪಾಯಿ. 2024ರ ಮಳೆಗಾಲವೂ ಮುಗಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಬಣ್ಣಕ್ಕೆ ಹಣ ಸುರಿಯುವ ಮೊದಲು ಇದನ್ನು ಕೊಳ್ಳಿ, ಇಲ್ಲವೇ ಯಾರಿಂದಲಾದರೂ ಎರವಲು ತನ್ನಿ.

ಮನೆ 1994ರಲ್ಲಿ ಅಪ್ಪ ಕಟ್ಟಿಸಿದ್ದು. ಒಂಬತ್ತು ಇಂಚಿನ ಕೆಂಪು ಕಲ್ಲಿನ ಗೋಡೆ, ಒಳಗೂ ಹೊರಗೂ ಸಿಮೆಂಟ್ ಗಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಇಪ್ಪತ್ತೈದು ವರ್ಷ ಅದು ಗಟ್ಟಿಯಾಗಿ ನಿಂತಿತ್ತು. 2019ರಿಂದ ಮಾತ್ರ, ಜುಲೈ ಬಂತೆಂದರೆ ಅಮ್ಮ ಮಲಗುವ ಕೋಣೆಯ ಗೋಡೆ ಒದ್ದೆಯಾಗತೊಡಗಿತು. ಬಣ್ಣ ಹಪ್ಪಳದಂತೆ ಉಬ್ಬುತ್ತಿತ್ತು. ಬೆರಳು ತಾಗಿಸಿದರೆ ಒಡೆದು ಒಳಗಿನಿಂದ ಹಿಟ್ಟಿನಂಥ ಬಿಳಿ ಉಪ್ಪು ಉದುರುತ್ತಿತ್ತು. ಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಅಮ್ಮನ ಧಾರೆ ಸೀರೆಗೆ ಬೂಷ್ಟು ಹಿಡಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು. ಅವಳು ಏನೂ ಹೇಳಲಿಲ್ಲ. ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಒಣ ಬಟ್ಟೆಯಿಂದ ಜರಿಯಂಚನ್ನು ಒರೆಸುತ್ತ ಕುಳಿತಳು.

ಅಷ್ಟರಲ್ಲಿ ಎರಡು ಸಲ ವಾಟರ್‌ಪ್ರೂಫ್ ಬಣ್ಣ ಬಳಿಸಿ ಆಗಿತ್ತು. ಎರಡನೆಯ ಸಲದ ನಂತರ ಕಲೆ ಇನ್ನೂ ಅರ್ಧ ಅಡಿ ಮೇಲೇರಿತು. ಗೋಡೆಯೊಳಗೆ ನೀರಿರುವಾಗ ಮೈಯನ್ನು ಮುಚ್ಚಿದರೆ ಆ ನೀರು ಆರಲಾರದೆ ಬೇರೆ ದಾರಿ ಹುಡುಕುತ್ತದೆ. ಈ ಮಾತನ್ನು ಬಣ್ಣದವರು ಯಾರೂ ನಮಗೆ ಹೇಳಿರಲಿಲ್ಲ.

ಮಾಪಕದ ಬಗ್ಗೆ ಮೊದಲು ತಿಳಿಯಬೇಕಾದ ವಿಷಯವೊಂದಿದೆ. ಎರಡು ಸೂಜಿಗಳ ನಡುವೆ ವಿದ್ಯುತ್ತಿಗೆ ಎಷ್ಟು ತಡೆಯಿದೆ ಎಂಬುದನ್ನು ನೋಡಿ ಇದು ತೇವವನ್ನು ಅಂದಾಜು ಮಾಡುತ್ತದೆ. ನನ್ನದರಲ್ಲಿರುವ ಅಂಕಿಗಳು ಮರಕ್ಕೆ ಹೊಂದಿಸಿದವು. ಆದ್ದರಿಂದ ಗೋಡೆಯ ಮೇಲೆ 44 ತೋರಿಸಿದರೆ ಅದು ಶೇಕಡಾವಾರು ಲೆಕ್ಕವಲ್ಲ. ಒಂದು ಜಾಗವನ್ನು ಇನ್ನೊಂದರೊಂದಿಗೆ ಹೋಲಿಸಲು ಮಾತ್ರ ಉಪಯೋಗ. ನಾನು ಪೆನ್ಸಿಲಿನಲ್ಲಿ ಅಡಿಗೊಂದು ಗುರುತು ಹಾಕಿ, ನೆಲದಿಂದ ಆರು ಅಡಿಯವರೆಗೆ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ನೆಲದಿಂದ ಒಂದಡಿ ಮೇಲೆ 44, ಮೂರಡಿಯಲ್ಲಿ 25, ಐದಡಿಯಲ್ಲಿ 13. ತಾರಸಿಯಿಂದಲೋ ಸಜ್ಜದಿಂದಲೋ ಇಳಿಯುವ ನೀರಾಗಿದ್ದರೆ ಲೆಕ್ಕ ತಲೆಕೆಳಗಾಗಿರಬೇಕಿತ್ತು. ಕೋಣೆಯ ಒಳಗೋಡೆ ಬುಡದಲ್ಲಿಯೂ 13ನ್ನೇ ತೋರಿಸಿತು. ಅಂದರೆ ನೀರು ಕೆಳಗಿನಿಂದ ಏರುತ್ತಿದೆ, ಅದೂ ಹೊರಗೋಡೆಯಲ್ಲಿ ಮಾತ್ರ.

ಪುಸ್ತಕ ಹಿಡಿದು ಅಂಗಳಕ್ಕೆ ಇಳಿಯುವಾಗ ಕಾಲಿಗೇ ಹೊಳೆಯಿತು. ಜಗಲಿಗೆ ಮೊದಲು ಮೂರು ಮೆಟ್ಟಿಲಿದ್ದವು, ಈಗ ಎರಡೇ. 2019ರ ಬೇಸಿಗೆಯಲ್ಲಿ ಇಂಟರ್‌ಲಾಕ್ ಹಾಸುವಾಗ ಮಣ್ಣು ತುಂಬಿಸಿ ಅಂಗಳವನ್ನು ಎತ್ತರಿಸಿದ್ದರು. ಪಂಚಾಂಗದ, ಅಂದರೆ ಅಡಿಪಾಯದ, ಮೇಲೆ ತೇವ ತಡೆಯಲೆಂದು ಅಪ್ಪ ಹಾಕಿಸಿದ್ದ ಕಾಂಕ್ರೀಟ್ ಪಟ್ಟಿ ಹೊರನೆಲದಿಂದ ಕನಿಷ್ಠ ಆರು ಇಂಚು ಮೇಲಿರಬೇಕು. ನಮ್ಮಲ್ಲಿ ಅದು ಪೂರ್ತಿ ಹೂತುಹೋಗಿತ್ತು. ಸಾಲದ್ದಕ್ಕೆ ಹಾಸಿನ ಇಳಿಜಾರು ಮನೆಯ ಕಡೆಗೇ ಇತ್ತು!

2022ರ ಜನವರಿಯಲ್ಲಿ ಗೋಡೆಯುದ್ದಕ್ಕೂ ಎರಡಡಿ ಅಗಲ ಇಂಟರ್‌ಲಾಕ್ ಕೀಳಿಸಿ, ಕಾಂಕ್ರೀಟ್ ಪಟ್ಟಿ ಕಾಣುವಷ್ಟು ಅಗೆಸಿ, ಜಲ್ಲಿ ತುಂಬಿಸಿ, ನೀರು ಅಡಿಕೆ ತೋಟದ ಕಡೆ ಹೋಗುವಂತೆ ಓರೆ ಮಾಡಿಸಿದೆವು. ಒಳಗೆ ನಾಲ್ಕು ಅಡಿ ಎತ್ತರದವರೆಗೆ ಉಪ್ಪು ತಿಂದ ಗಾರೆಯನ್ನು ಕೆತ್ತಿಸಿ, ಮೇ ತಿಂಗಳವರೆಗೆ ಕಲ್ಲನ್ನು ಹಾಗೆಯೇ ಆರಲು ಬಿಟ್ಟೆವು. ಆಮೇಲೆ ಸಿಮೆಂಟಿನ ಬದಲು ಚಿಪ್ಪಿನ ಸುಣ್ಣ ಮತ್ತು ಮರಳಿನ ಗಾರೆ. ಕಿರಿಯ ಮೇಸ್ತ್ರಿ ಒಪ್ಪಲಿಲ್ಲ. ಸುಣ್ಣದ ಕೆಲಸ ಬಲ್ಲ ಹಿರಿಯರೊಬ್ಬರು ಬಂದು ಮಾಡಿಕೊಟ್ಟರು. ಸುಣ್ಣದ ಗಾರೆಯ ಮೂಲಕ ತೇವ ಹೊರಹೋಗುತ್ತದೆ, ಆದ್ದರಿಂದ ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯದೆ ಸುಣ್ಣವನ್ನೇ ಬಳಿಸಿದೆವು. ಒಟ್ಟು ಖರ್ಚು 38,000 ರೂಪಾಯಿ.

ಒಂದಡಿ ಎತ್ತರದ ಅದೇ ಜಾಗ 2022ರ ಜುಲೈಯಲ್ಲಿ 29 ತೋರಿಸಿದಾಗ ನನಗೆ ನಿರಾಸೆಯಾಗಿತ್ತು. ಆದರೆ ಗೋಡೆ ಆರಲು ಇಂಚಿಗೆ ಒಂದು ತಿಂಗಳು ಬೇಕೆಂಬ ಲೆಕ್ಕವಿದೆ, ನಮ್ಮಲ್ಲಿ ನಡುವೆ ಮಳೆಗಾಲವೂ ಬರುತ್ತದೆ. 2023ರಲ್ಲಿ 17ಕ್ಕೆ ಇಳಿಯಿತು, 2024ರಲ್ಲಿ 14ಕ್ಕೆ.

ಮಾಪಕದ ದೋಷಗಳನ್ನೂ ಹೇಳಬೇಕು. ಉಪ್ಪಿರುವ ಗಾರೆಯಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಗಾಳಿಯ ತೇವ ತಣ್ಣನೆಯ ಗೋಡೆಯ ಮೇಲೆ ಕೂತಿದೆಯೋ ಒಳಗಿನಿಂದ ಬಂದಿದೆಯೋ ಎಂಬುದನ್ನೂ ಹೇಳುವುದಿಲ್ಲ. ಅದಕ್ಕೆ ನಾನು ಅಲ್ಯೂಮಿನಿಯಂ ಹಾಳೆಯನ್ನು ಗೋಡೆಗೆ ಟೇಪಿನಿಂದ ಸುತ್ತಲೂ ಅಂಟಿಸಿ ಎರಡು ದಿನ ಬಿಟ್ಟು ನೋಡಿದೆ. ಹಾಳೆಯ ಹಿಂಬದಿಯೇ ಒದ್ದೆಯಾಗಿತ್ತು, ಅಂದರೆ ಗೋಡೆಯೊಳಗಿನ ನೀರೇ. ಬಚ್ಚಲಿನ ಟೈಲ್ಸ್ ಮೇಲೆ ಮಾಪಕ ಏನೂ ಮಾಡಲಾರದು. ಗಟ್ಟಿಯಾಗಿ ಒತ್ತಿ ಒಂದು ಸೂಜಿಯನ್ನು ನಾನೇ ಬಗ್ಗಿಸಿದ್ದೇನೆ. ಬಳಸದ ತಿಂಗಳುಗಳಲ್ಲಿ ಬ್ಯಾಟರಿ ತೆಗೆದಿಡಿ, ನಮ್ಮ ಹವೆಗೆ ತುಕ್ಕು ಬೇಗ ಹಿಡಿಯುತ್ತದೆ.

ಅಮ್ಮನ ಕಪಾಟು ಮತ್ತೆ ಅದೇ ಗೋಡೆಯ ಬಳಿ ಬಂದಿದೆ, ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಟ್ಟಿದ್ದೇವೆ. ಮಾಪಕ ಈಗ ಪಕ್ಕದ ಮನೆಯಲ್ಲಿದೆ. ಅವರೂ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದಾರೆ. ಗೋಡೆ ಅಳೆಯುವ ಮೊದಲು ಮೆಟ್ಟಿಲು ಎಣಿಸಿ ನೋಡಿ ಎಂದು ಹೇಳಿ ಕೊಟ್ಟಿದ್ದೇನೆ.