ಕೆಂಪು ಹಿಟ್ಟಿನ ಪ್ಯಾಕೆಟ್ಟೂ ಮನೆಯ ಹುಳಿ ಮಜ್ಜಿಗೆಯೂ: ಚಿಕ್ಕಮಗಳೂರಿನಲ್ಲಿ ರೆಡ್ ವೆಲ್ವೆಟ್ ಕೇಕ್

ಕಳೆದ ಜನವರಿಯಲ್ಲಿ ನಮ್ಮ ತಂದೆ ತಾಯಿಯರ ಮದುವೆಗೆ 40 ವರ್ಷ ತುಂಬಿತು. ಆ ದಿನದ ಕೇಕನ್ನು ಬೇಕರಿಯಿಂದ ತರಿಸದೆ ಮನೆಯಲ್ಲೇ ಬೇಯಿಸಬೇಕೆಂದು ನಿಶ್ಚಯಿಸಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಿಂದ ಮೊಟ್ಟೆಯಿಲ್ಲದ ರೆಡ್ ವೆಲ್ವೆಟ್ ಪ್ರೀಮಿಕ್ಸ್‌ನ, ಅಂದರೆ ಮೊದಲೇ ಬೆರೆಸಿಟ್ಟ ಕೇಕ್ ಹಿಟ್ಟಿನ, 1 ಕಿಲೋ ಪ್ಯಾಕೆಟ್ ತಂದೆ. ಅದೇ ಹಿಟ್ಟಿನಿಂದ ಎರಡು ಬಾರಿ ಕೇಕ್ ಮಾಡಿ ನೋಡಿದ್ದೇನೆ. ಆ ಬಳಿಕ ಪ್ಯಾಕೆಟ್ಟಿನ ಹಂಗಿಲ್ಲದೆ, ಮೈದಾ, ಕೋಕೋ, ಮಜ್ಜಿಗೆಗಳಿಂದಲೇ ಮೂರು ಬಾರಿ ಮಾಡಿದ್ದೇನೆ. ಈ ವಿಮರ್ಶೆ ಮುಖ್ಯವಾಗಿ ಆ ಪ್ಯಾಕೆಟ್ಟಿನದು. ಆದರೆ ಪ್ಯಾಕೆಟ್ಟಿನ ಗುಣದೋಷವನ್ನು ಅಳೆಯಲು ಕೈಯಲ್ಲೊಂದು ಅಳತೆಗೋಲು ಬೇಕು. ಆ ಅಳತೆಗೋಲು ನಮ್ಮ ಮಲೆನಾಡಿನ ಅಡುಗೆಮನೆಯಲ್ಲೇ ಸಿಕ್ಕಿತು. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆ ಈ ಬಗೆಯ ಹೆಚ್ಚಿನ ಪ್ಯಾಕೆಟ್ಟುಗಳಿಗೆ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ಯಾಕೆಟ್ಟಿನ ಹಿಂಬದಿಯ ಸೂಚನೆ ಸರಳವಾಗಿದೆ. 500 ಗ್ರಾಂ ಹಿಟ್ಟಿಗೆ 225 ಮಿಲಿಲೀಟರ್ ನೀರು, 50 ಮಿಲಿಲೀಟರ್ ಎಣ್ಣೆ ಸೇರಿಸಿ ಕಲಸಿ, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಬೇಕು. ಹಿಟ್ಟು ನಯವಾಗಿ ಜರಡಿಯಾಡಿದ್ದು, ಗಂಟಿಲ್ಲದೆ ಕಲೆಯುತ್ತದೆ. ನೀರು ಬಿದ್ದ ಕ್ಷಣದಲ್ಲೇ ಮಿಶ್ರಣ ಕುಂಕುಮದಷ್ಟು ಕೆಂಪಾಗುತ್ತದೆ. ಮೊದಲ ಬಾರಿ ಕೇಕ್ ಮಾಡುವವರಿಗೆ ಈ ಹಂತದಲ್ಲಿ ತಪ್ಪುವುದಕ್ಕೆ ಅವಕಾಶವೇ ಇಲ್ಲ. ಆ ಮಟ್ಟಿಗೆ ತಯಾರಕರನ್ನು ಮೆಚ್ಚಬೇಕು.

ಓವನ್ನಿನ ಒಳಗೆ ನಡೆದದ್ದು ಬೇರೆ. 25ನೇ ನಿಮಿಷದ ಹೊತ್ತಿಗೆ ಕೇಕ್ ಅಚ್ಚಿನ ಅಂಚನ್ನು ದಾಟಿ ಚೆನ್ನಾಗಿ ಉಬ್ಬಿ ನಿಂತಿತ್ತು. 35ನೇ ನಿಮಿಷಕ್ಕೆ ನಡುವೆ ತಗ್ಗಿ ಬಟ್ಟಲಿನಂತಾಯಿತು. ಕಡ್ಡಿ ಚುಚ್ಚಿ ನೋಡಿದರೆ ಒಳಗೆ ಬೆಂದಿತ್ತು, ಆದರೆ ತಗ್ಗಿದ ಭಾಗ ಅಂಟಂಟಾಗಿತ್ತು. ಇದಕ್ಕೆ ನನ್ನ ಕೈಯನ್ನಾಗಲೀ ಓವನ್ನನ್ನಾಗಲೀ ದೂರುವ ಮುನ್ನ ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 96 ಡಿಗ್ರಿಯಲ್ಲಿ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸೋಡಾ ಮತ್ತು ಬೇಕಿಂಗ್ ಪೌಡರ್ ಬಿಡುವ ಅನಿಲ ಬೇಗನೆ, ಹೆಚ್ಚಾಗಿ ಹಿಗ್ಗುತ್ತದೆ. ಹಿಟ್ಟಿನ ಗೋಡೆಗಳು ಬೆಂದು ಗಟ್ಟಿಯಾಗುವ ಮೊದಲೇ ಕೇಕ್ ಮೇಲೆದ್ದು, ಆಧಾರವಿಲ್ಲದೆ ಕುಸಿಯುತ್ತದೆ. ಮಂಗಳೂರಿನ ಅಡುಗೆಮನೆಯಲ್ಲಿ ಸರಿಯಾಗಿ ಬರುವ ಅಳತೆ ನಮ್ಮಲ್ಲಿ ಸೋಲುವುದು ಹೀಗೆ. ಮನೆಯಲ್ಲಿ ಮೊದಲಿನಿಂದ ಕಲಸುವಾಗ ಸೋಡಾವನ್ನು ಕಾಲು ಭಾಗ ತಗ್ಗಿಸಬಹುದು, ಒಂದು ಚಮಚ ಸಕ್ಕರೆಯನ್ನು ಬಿಡಬಹುದು. ಎಲ್ಲವನ್ನೂ ಮೊದಲೇ ಬೆರೆಸಿಟ್ಟ ಪ್ಯಾಕೆಟ್ಟಿನಿಂದ ಏನನ್ನೂ ಹೊರತೆಗೆಯಲು ಬರುವುದಿಲ್ಲ. ಬೆಟ್ಟದ ಊರುಗಳಲ್ಲಿರುವವರಿಗೆ ಒಂದೆರಡು ಸಾಲಿನ ಸೂಚನೆಯನ್ನು ಮುದ್ರಿಸಲು ತಯಾರಕರಿಗೆ ಹೆಚ್ಚಿನ ಖರ್ಚಾಗುತ್ತಿರಲಿಲ್ಲ.

ಎರಡನೆಯ ಬಾರಿ, ಉಳಿದ 500 ಗ್ರಾಂ ಹಿಟ್ಟಿಗೆ ಎರಡು ದೊಡ್ಡ ಚಮಚ ಮೈದಾ ಕೂಡಿಸಿದೆ, ನೀರನ್ನು ಒಂದೆರಡು ಚಮಚ ಹೆಚ್ಚಿಸಿದೆ, ಓವನ್ನನ್ನು 190 ಡಿಗ್ರಿಗೆ ಏರಿಸಿ ಐದು ನಿಮಿಷ ಮೊದಲೇ ಹೊರತೆಗೆದೆ. ಕೇಕ್ ಸಮನಾಗಿ ನಿಂತಿತು. ಆದ್ದರಿಂದ ಮನೆಯಲ್ಲಿ ಈಗಾಗಲೇ ಪ್ಯಾಕೆಟ್ ತಂದಿಟ್ಟುಕೊಂಡಿರುವ ಚಿಕ್ಕಮಗಳೂರಿನವರು ಅದನ್ನು ಎಸೆಯಬೇಕಿಲ್ಲ; ಈ ತಿದ್ದುಪಡಿಯೊಡನೆ ಬೇಯಿಸಿದರೆ ಆಕಾರಕ್ಕೆ ಮೋಸವಾಗದು.

ರುಚಿಯ ಮಾತು ಮಾತ್ರ ಹಾಗಲ್ಲ. ಎರಡೂ ಸಲ ಕೇಕ್ ಸಿಹಿಯಾಗಿತ್ತು, ಮೆತ್ತಗಿತ್ತು, ವೆನಿಲ್ಲಾ ಪರಿಮಳವಿತ್ತು. ಕಣ್ಣು ಮುಚ್ಚಿಕೊಂಡು ತಿಂದರೆ ಅದು ರೆಡ್ ವೆಲ್ವೆಟ್ ಎಂದು ಗುರುತಿಸಲು ಯಾವ ಸುಳಿವೂ ಇರಲಿಲ್ಲ. ರೆಡ್ ವೆಲ್ವೆಟ್ ಎಂದರೆ ಕೆಂಪು ಬಣ್ಣದ ವೆನಿಲ್ಲಾ ಕೇಕ್ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಅಡುಗೆಯವರು ಒರಟು ಹಿಟ್ಟನ್ನು ಮೃದುಗೊಳಿಸಲು ಅದಕ್ಕೆ ಕೋಕೋವನ್ನೋ ಕಾರ್ನ್‌ಫ್ಲೋರನ್ನೋ ಬೆರೆಸಿ ಮಾಡುತ್ತಿದ್ದ, ಮಖಮಲ್ಲಿನಷ್ಟು ನಯವಾದ ಕೇಕುಗಳೇ ಅದರ ಪೂರ್ವಜರು. ಕ್ಷಾರದಿಂದ ಸಂಸ್ಕರಿಸದ ಕೋಕೋ ಹುಳಿ ಮಜ್ಜಿಗೆ ಮತ್ತು ವಿನಿಗರ್‌ನೊಡನೆ ಸೇರಿದಾಗ ತುಸು ಕೆಂಪು ಛಾಯೆ ಮೂಡುತ್ತದೆ. ಢಾಳಾದ ಕೆಂಪು ಆಮೇಲೆ ಬಂದದ್ದು. ಟೆಕ್ಸಾಸ್‌ನ ಆ್ಯಡಮ್ಸ್ ಎಕ್ಸ್‌ಟ್ರಾಕ್ಟ್ ಎಂಬ ಕಂಪನಿ ತನ್ನ ಬಣ್ಣದ ಸೀಸೆಗಳ ಮಾರಾಟಕ್ಕಾಗಿ ಈ ಕೇಕಿನ ಪಾಕವಿಧಾನವನ್ನು ಹಂಚಿ ಪ್ರಚಾರ ಮಾಡಿತು. ಹಾಗಾಗಿ ಈ ಕೇಕಿನ ಜೀವಾಳ ಮಜ್ಜಿಗೆಯ ಹುಳಿ, ಅದರ ಬೆನ್ನಿಗೆ ಬರುವ ಕೋಕೋವಿನ ಮೆಲುಗಹಿ, ಹಾಗೂ ಆ ಹುಳಿ ಹಿಟ್ಟಿಗೆ ಕೊಡುವ ಮೃದುತ್ವ. ಮಜ್ಜಿಗೆಯ ಬದಲು ನೀರು ಬೆರೆಸಲು ಹೇಳುವ ಪ್ಯಾಕೆಟ್ ಈ ಮೂರನ್ನೂ ಕೈಬಿಟ್ಟು ಬಣ್ಣವೊಂದನ್ನೇ ಉಳಿಸಿಕೊಂಡಿದೆ.

ಬಣ್ಣದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಮನೆಯ ಸಮಾರಂಭಗಳಲ್ಲಿ ಕೇಕಿನ ಮೊದಲ ತುಂಡಿಗೆ ಕೈಚಾಚುವವರು ಮಕ್ಕಳು. ಪ್ಯಾಕೆಟ್ಟಿನ ಮೇಲೆ 122 ಮತ್ತು 124 ಎಂಬ ಸಂಖ್ಯೆಗಳಿವೆ. ಅವು ಕಾರ್ಮೋಸಿನ್ ಮತ್ತು ಪಾನ್ಸೋ 4ಆರ್ ಎಂಬ ಕೃತಕ ಬಣ್ಣಗಳು. ನಮ್ಮ ದೇಶದಲ್ಲಿ ಮಿತಿಯೊಳಗೆ ಇವುಗಳ ಬಳಕೆಗೆ ಅನುಮತಿಯಿದೆ, ಆದ್ದರಿಂದ ತಯಾರಕರು ಕಾನೂನು ಮೀರಿದ್ದಾರೆಂದು ನಾನು ಹೇಳುತ್ತಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಎಂಬ ಕೃತಕ ಬಣ್ಣದ ಬಳಕೆಯ ವಿರುದ್ಧ ಕ್ರಮ ಕೈಗೊಂಡದ್ದು, ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣಗಳ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದು, ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಸುದ್ದಿಯಲ್ಲಿ ಬಂದದ್ದು ನಮಗೆಲ್ಲ ನೆನಪಿದೆ. ಮನೆಯಲ್ಲೇ ಕೇಕ್ ಮಾಡುವ ನನ್ನ ಹಟಕ್ಕೆ ಆ ಸುದ್ದಿಯೇ ಮೂಲ ಕಾರಣ. ಹೀಗಿರುವಾಗ ಬಣ್ಣ ಎಷ್ಟಿರಬೇಕೆಂಬ ನಿರ್ಧಾರ ನನ್ನ ಕೈಯಲ್ಲಿಲ್ಲದ ಪ್ಯಾಕೆಟ್ ನನ್ನ ಮೊದಲ ಉದ್ದೇಶವನ್ನೇ ಈಡೇರಿಸುವುದಿಲ್ಲ.

ಇನ್ನು ಪ್ಯಾಕೆಟ್ ಇಲ್ಲದೆ ಮಾಡಿದ್ದನ್ನು ವಿವರಿಸುತ್ತೇನೆ. 225 ಗ್ರಾಂ ಮೈದಾ, 25 ಗ್ರಾಂ ಕಾರ್ನ್‌ಫ್ಲೋರ್, 15 ಗ್ರಾಂ ಕೋಕೋ, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು, ಇಷ್ಟನ್ನು ಎರಡು ಬಾರಿ ಜರಡಿ ಹಿಡಿಯಬೇಕು. ಬೇರೆ ಪಾತ್ರೆಯಲ್ಲಿ 190 ಗ್ರಾಂ ಸಕ್ಕರೆ, 120 ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, 300 ಮಿಲಿಲೀಟರ್ ದಪ್ಪನೆಯ ಹುಳಿ ಮಜ್ಜಿಗೆ, ಒಂದು ಟೀ ಚಮಚ ವಿನಿಗರ್ ಮತ್ತು ವೆನಿಲ್ಲಾ ಸೇರಿಸಿ ಸಕ್ಕರೆ ಕರಗುವವರೆಗೆ ಕಲಕಿ, ಹಿಟ್ಟನ್ನು ಅದಕ್ಕೆ ಮಡಚುತ್ತಾ ಬೆರೆಸಬೇಕು. ಹಿಟ್ಟು ಬೆರೆತ ಮೇಲೆ ಹೆಚ್ಚು ತಿರುವಿದರೆ ಕೇಕ್ ಬಿರುಸಾಗುತ್ತದೆ. 18 ಸೆಂಟಿಮೀಟರಿನ ಎರಡು ಅಚ್ಚುಗಳಲ್ಲಿ 180 ಡಿಗ್ರಿಯಲ್ಲಿ 28ರಿಂದ 30 ನಿಮಿಷ ಸಾಕು. ಸೋಡಾ ಹುಳಿಯೊಡನೆ ಕೂಡಿದ ತಕ್ಷಣ ಕೆಲಸ ಆರಂಭಿಸುವುದರಿಂದ, ಓವನ್ ಕಾದ ನಂತರವೇ ಕಲಸಲು ತೊಡಗಬೇಕು. ಮಜ್ಜಿಗೆಗೆ ನಾವು ಹಿಂದಿನ ದಿನ ಕಡೆದು ಬೆಣ್ಣೆ ತೆಗೆದ ಮನೆಯ ಮಜ್ಜಿಗೆಯನ್ನೇ ಬಳಸಿದೆವು. ತಂಬುಳಿಗೆ ಆಗುವಷ್ಟು ಹುಳಿಯಿದ್ದರೆ ಕೇಕಿಗೂ ಸರಿ ಎಂಬುದು ತಾಯಿ ಕೊಟ್ಟ ಅಳತೆ, ಅದು ಒಮ್ಮೆಯೂ ತಪ್ಪಲಿಲ್ಲ. ಮನೆಯಲ್ಲಿ ಕಡೆಯುವ ರೂಢಿಯಿಲ್ಲದವರು ಮೊಸರನ್ನು ಹುಳಿಯಾಗಲು ಬಿಟ್ಟು ಸ್ವಲ್ಪವೇ ನೀರಿನಲ್ಲಿ ಕಲಕಿಕೊಳ್ಳಬಹುದು.

ಕೋಕೋ ಕೊಳ್ಳುವಾಗ ಲಕೋಟೆಯ ಮೇಲೆ ಆಮ್ಲತೆ ನಿಯಂತ್ರಕ 500 ಅಥವಾ 501 ಎಂದಿದೆಯೇ ನೋಡಿಕೊಳ್ಳಬೇಕು. ಇದ್ದರೆ ಅದು ಕ್ಷಾರದಿಂದ ಸಂಸ್ಕರಿಸಿದ ಕೋಕೋ. ಬಣ್ಣ ಗಾಢವಾಗಿರುತ್ತದೆ, ಆದರೆ ಹುಳಿಗೆ ಸ್ಪಂದಿಸುವ ಗುಣ ಅದರಲ್ಲಿ ಉಳಿದಿರುವುದಿಲ್ಲ.

ಕೆಂಪಿಗಾಗಿ ಬೀಟ್‌ರೂಟನ್ನು ಪರೀಕ್ಷಿಸಿದೆ. ಹಸಿ ಬೀಟ್‌ರೂಟನ್ನು ತುರಿದು ಹಿಂಡಿದ 60 ಮಿಲಿಲೀಟರ್ ರಸವನ್ನು ಅಷ್ಟೇ ಮಜ್ಜಿಗೆಯ ಬದಲಿಗೆ ಹಾಕಿ, ಒಂದು ಚಮಚ ನಿಂಬೆರಸ ಸೇರಿಸಿದೆ. ಬೀಟ್‌ರೂಟಿನ ಬಣ್ಣ ಹುಳಿಯಲ್ಲಿ ಉಳಿಯುತ್ತದೆ, ಸೋಡಾ ಹೆಚ್ಚಾದರೆ ಮತ್ತು ಬಿಸಿ ಹೆಚ್ಚು ಹೊತ್ತು ತಗುಲಿದರೆ ಕಂದಿಹೋಗುತ್ತದೆ. ಕಲಸಿದಾಗ ಗುಲಾಬಿ ಬಣ್ಣದಲ್ಲಿದ್ದ ಹಿಟ್ಟು ಬೆಂದು ಬಂದಾಗ, ಮಳೆಯಲ್ಲಿ ನೆಂದ ಮಂಗಳೂರು ಹಂಚಿನ ಬಣ್ಣಕ್ಕೆ ತಿರುಗಿತ್ತು. ಬೇಕರಿಯ ಕೆಂಪನ್ನು ನಿರೀಕ್ಷಿಸಿದವರಿಗೆ ಇದು ಸಾಲದು ಎಂದು ತೋರಬಹುದು. ನನಗೆ ಆ ಹಂಚಿನ ಬಣ್ಣ ತುಂಬ ಹಿಡಿಸಿತು. ಬಿಳಿಯ ಲೇಪನದ ನಡುವೆ ಅದು ನಿಜವಾಗಿಯೂ ಸೊಗಸಾಗಿ ಕಾಣುತ್ತದೆ, ಮಣ್ಣಿನ ವಾಸನೆಯೂ ಕೋಕೋವಿನಡಿ ಅಡಗಿಹೋಗುತ್ತದೆ.

ಲೇಪನಕ್ಕೆ ಪ್ಯಾಕೆಟ್ ಕ್ರೀಮ್ ಚೀಸನ್ನು ಶಿಫಾರಸು ಮಾಡುತ್ತದೆ. ಅದು ನಮ್ಮೂರಿನ ಎಲ್ಲ ಅಂಗಡಿಗಳಲ್ಲಿ ಎಲ್ಲ ದಿನವೂ ಸಿಗುವುದಿಲ್ಲ, ಸಿಕ್ಕಾಗ ದುಬಾರಿ. ಈ ಕೇಕಿಗೆ ಹಿಂದೆ ಹಚ್ಚುತ್ತಿದ್ದುದು ಕ್ರೀಮ್ ಚೀಸ್ ಅಲ್ಲ, ಹಾಲಿನಲ್ಲಿ ಮೈದಾ ಕಾಯಿಸಿ ಮಾಡುವ ಲೇಪನ. 240 ಮಿಲಿಲೀಟರ್ ಹಾಲಿಗೆ 35 ಗ್ರಾಂ ಮೈದಾ ಮತ್ತು 200 ಗ್ರಾಂ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಗೊಟಾಯಿಸುತ್ತಾ ಗಟ್ಟಿಯಾಗಿಸಬೇಕು. ಹಾಲುಬಾಯಿ ಮಗುಚಿ ಅಭ್ಯಾಸವಿರುವ ಕೈಗೆ ಇದು ಹೊಸ ವಿದ್ಯೆಯೇನಲ್ಲ. ತಳ ಹಿಡಿಯದಂತೆ ನೋಡಿಕೊಳ್ಳುವ ಎಚ್ಚರ, ಸೌಟು ಎತ್ತಿದಾಗ ಗೆರೆ ನಿಲ್ಲುವ ಹದ, ಎರಡೂ ಒಂದೇ. ಅದು ಪೂರ್ಣವಾಗಿ ತಣಿದ ಮೇಲೆ, 225 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ನೊರೆಯಾಗುವಂತೆ ಕಡೆದು, ಚಮಚ ಚಮಚವಾಗಿ ಸೇರಿಸುತ್ತಾ ಹೋದರೆ, ಹಾಲಿನ ಕೆನೆಯಷ್ಟು ಹಗುರವಾದ, ಅತಿ ಸಿಹಿಯಲ್ಲದ ಲೇಪನ ಸಿದ್ಧವಾಗುತ್ತದೆ. ಇಲ್ಲಿಯೂ ನಮ್ಮ ಹವೆಯನ್ನು ಗಮನಿಸಬೇಕು. ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಲಿ ಎಂದು ಪುಸ್ತಕಗಳು ಹೇಳುತ್ತವೆ; ಜನವರಿಯ ಬೆಳಗ್ಗೆ ನಮ್ಮ ಅಡುಗೆಮನೆಯ ತಾಪಮಾಪಕ 17 ಡಿಗ್ರಿ ತೋರಿಸುತ್ತಿತ್ತು, ಬೆಣ್ಣೆ ಕಲ್ಲಿನಂತಿತ್ತು. ಅದನ್ನು ಬಚ್ಚಲೊಲೆಯಿಂದ ಎರಡು ಮಾರು ದೂರದಲ್ಲಿ ಅರ್ಧ ಗಂಟೆ ಇಟ್ಟು ಹದಕ್ಕೆ ತರಬೇಕಾಯಿತು. ಗಟ್ಟಿ ಬೆಣ್ಣೆಗೆ ತಣ್ಣನೆಯ ಹಾಲಿನ ಗಂಜಿ ಸೇರಿದರೆ ಲೇಪನ ಒಡೆದು ಮೊಸರಿನಂತಾಗುತ್ತದೆ. ಹಾಗಾದಾಗ ಗಾಬರಿಯಾಗದೆ, ಪಾತ್ರೆಯನ್ನು ಬಿಸಿನೀರಿನ ಮೇಲೆ ಕ್ಷಣಕಾಲ ಹಿಡಿದು ಮತ್ತೆ ಕಡೆದರೆ ಕೂಡಿಕೊಳ್ಳುತ್ತದೆ.

ಜುಲೈಯಲ್ಲಿ ಅಣ್ಣನ ಮಗಳ ಹುಟ್ಟುಹಬ್ಬದ ಕೇಕ್ ಓವನ್ನಿಗೆ ಹೋಗಿ 12 ನಿಮಿಷವಾಗಿತ್ತು, ಮಳೆಗೆ ವಿದ್ಯುತ್ ಹೋಯಿತು. ಅರೆಬೆಂದ ಕೇಕನ್ನು ಉಳಿಸಲಾಗಲಿಲ್ಲ. ಮತ್ತೊಮ್ಮೆ ಕಲಸಿ, ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿದೆ. ತಳ ಸ್ವಲ್ಪ ಹೆಚ್ಚು ಕಂದಿತು, ಒಳಭಾಗಕ್ಕೆ ಯಾವ ಕುಂದೂ ಬರಲಿಲ್ಲ. ಆ ಕೇಕನ್ನು ಡಬ್ಬಿಯಲ್ಲಿಟ್ಟು, ಆಲ್ದೂರಿನ ಆಚೆಯಿರುವ ಅಜ್ಜಿಯ ಮನೆಯವರೆಗೆ ತಿರುವು ರಸ್ತೆಯಲ್ಲಿ ಮಡಿಲ ಮೇಲೆ ಹಿಡಿದು ಒಯ್ದೆವು, ಲೇಪನ ಅಲುಗಲಿಲ್ಲ. ಎಣ್ಣೆಯಲ್ಲಿ ಮಾಡಿದ್ದರಿಂದ ಆ ಥಂಡಿಯಲ್ಲಿಯೂ ಕೇಕ್ ಮೆತ್ತಗೇ ಇತ್ತು. ಬರೀ ಬೆಣ್ಣೆ ಹಾಕಿದ ಕೇಕ್ ಮಳೆಗಾಲದ ಮಲೆನಾಡಿನಲ್ಲಿ ಇಟ್ಟಿಗೆಯಂತೆ ಬಿಗಿಯುತ್ತದೆ.

ಪ್ಯಾಕೆಟ್ಟಿಗೆ ನಾನು ಕೊಡುವ ಅಂಕ 5ಕ್ಕೆ 2. ಆ ಎರಡೂ ಅಂಕ ಅದರ ನಯವಾದ ಹಿಟ್ಟಿಗೆ ಮತ್ತು ಸಮಯದ ಉಳಿತಾಯಕ್ಕೆ ಸಲ್ಲುತ್ತವೆ. ಸಂಜೆ ನೆಂಟರು ಬರುತ್ತಾರೆಂದು ಮಧ್ಯಾಹ್ನ ತಿಳಿದವರಿಗೆ ಅದು ನೆರವಾದೀತು. ಬೆಲೆಯ ಲೆಕ್ಕದಲ್ಲಿ ಅದು ಅಗ್ಗವೇನೂ ಅಲ್ಲ, ಏಕೆಂದರೆ 1 ಕಿಲೋಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ಹೋಗುವುದು ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದಾಗಿರುವ ಸಕ್ಕರೆಗೆ. ತಂದ ಅಂಗಡಿಯ ಬಗ್ಗೆ ನನ್ನ ದೂರಿಲ್ಲ. ಈಗಲೂ ಕೋಕೋ, ಬೆಣ್ಣೆಕಾಗದ, ಅಚ್ಚುಗಳಿಗೆ ಅಲ್ಲಿಗೇ ಹೋಗುತ್ತೇನೆ. ತಾಯಿಯ 60ನೆಯ ಹುಟ್ಟುಹಬ್ಬಕ್ಕೆ ಮನೆಯ ಮಜ್ಜಿಗೆಯ ಕೇಕನ್ನೇ ಮಾಡುವುದೆಂದು ಆಗಿದೆ. ಅದನ್ನು ಹಿಂದಿನ ದಿನವೇ ಬೇಯಿಸಿ, ಬಟ್ಟೆ ಮುಚ್ಚಿ ರಾತ್ರಿಯಿಡೀ ಇಟ್ಟು, ಮರುದಿನ ಬೆಳಗ್ಗೆ ಲೇಪನ ಹಚ್ಚುತ್ತೇನೆ, ಏಕೆಂದರೆ ಮಜ್ಜಿಗೆಯ ಹುಳಿಯೂ ಕೋಕೋವೂ ಚೆನ್ನಾಗಿ ಬೆರೆಯುವುದು ಎರಡನೆಯ ದಿನ ಎಂಬುದನ್ನು ಮೂರು ಸಲವೂ ಕಂಡಿದ್ದೇನೆ.