ಅಗತ್ತಿ ದ್ವೀಪದ ಹೋಂಸ್ಟೇ: ಇಳಿತದ ಹೊತ್ತಿಗೆ ಎಬ್ಬಿಸುವ ಮನೆ

ಲಕ್ಷದ್ವೀಪಕ್ಕೆ ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ರೂಮು ಹೇಗಿದೆ, ಸ್ಕೂಬಾಕ್ಕೆ ಎಷ್ಟಾಗುತ್ತದೆ ಎಂದು. ಅಗತ್ತಿಯಲ್ಲಿ ನಾನು ಉಳಿದುಕೊಂಡಿದ್ದ ಹೋಂಸ್ಟೇಯ ರೂಮು ಚೊಕ್ಕಟವಾಗಿದೆ, ಹಾಸಿಗೆ ಗಟ್ಟಿಯಾಗಿದೆ, ಫ್ಯಾನು ಚೆನ್ನಾಗಿ ತಿರುಗುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದಕ್ಕೇನಿಲ್ಲ. ಈ ಮನೆಯನ್ನು ನಾನು ಎಲ್ಲರಿಗೂ ಒತ್ತಾಯದಿಂದ ಹೇಳುತ್ತಿರುವುದು ಯಜಮಾನರ ತಮ್ಮ ಮಾಡಿಸುವ ಇಳಿತದ ನಡಿಗೆಗಾಗಿ, ಅಂದರೆ ಸಮುದ್ರದ ನೀರು ಇಳಿದಾಗ ಅದರ ತಳದ ಮೇಲೆ ಮಾಡುವ ನಡಿಗೆಗಾಗಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಕುಂದಾಪುರದ ಅಳಿವೆಯಲ್ಲಿ ನೀರು ಇಳಿದಾಗ ಚಿಪ್ಪು ಆರಿಸುವವರ ನಡುವೆಯೇ ಬೆಳೆದವಳು. ಆದರೂ ಸಮುದ್ರದ ತಳವನ್ನು ಹೀಗೆ ಓದಿ ಹೇಳುವವರನ್ನು ನಾನು ಈವರೆಗೆ ಕಂಡಿರಲಿಲ್ಲ.

ದ್ವೀಪದ ಆಕಾರ ತಿಳಿದರೆ ನಡಿಗೆಯ ಮಹತ್ವ ತಿಳಿಯುತ್ತದೆ. ಅಗತ್ತಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು ಏಳೂವರೆ ಕಿಲೋಮೀಟರ್ ಉದ್ದ; ಅಗಲ ಮಾತ್ರ ಎಲ್ಲಿಯೂ ಹೆಚ್ಚಿಲ್ಲ, ಹಲವು ಕಡೆ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಕೆಲವೇ ನಿಮಿಷಗಳ ನಡಿಗೆ. ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಮೇಲಿದೆ, ಅಷ್ಟೇ. ಪಶ್ಚಿಮಕ್ಕೆ ಹವಳದ ದಿಬ್ಬ ಸುತ್ತುವರಿದ, ಆಳವಿಲ್ಲದ ಶಾಂತ ನೀರಿನ ವಿಶಾಲ ಲಗೂನ್, ಪೂರ್ವಕ್ಕೆ ದಂಡೆಗೆ ಅಂಟಿಕೊಂಡಂತೆ ಕಿರಿದಾದ ದಿಬ್ಬ, ಅದರಾಚೆ ಒಮ್ಮೆಲೇ ಆಳ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದು ಮೀಟರ್. ಗುಜರಾತಿನ ಖಂಬಾತ್ ಕೊಲ್ಲಿಯ ಉಬ್ಬರ ಕಂಡವರಿಗೆ ಇದು ಲೆಕ್ಕಕ್ಕೇ ಬಾರದು. ಆದರೆ ಹವಳದ ದಿಬ್ಬದ ಮೇಲ್ಮೈ ಮಟ್ಟಸವಾಗಿರುವುದರಿಂದ ಅಷ್ಟು ನೀರು ಸರಿದರೆ ಸಾಕು, ಹೊತ್ತು ಮೂಡುವ ಮೊದಲು ಸಮುದ್ರವಾಗಿದ್ದ ಜಾಗ ಬಿಸಿಲು ಬೀಳುವಷ್ಟರಲ್ಲಿ ನಡೆದಾಡುವ ನೆಲವಾಗಿರುತ್ತದೆ.

ನನ್ನ ಪ್ರವಾಸವನ್ನು ಏರ್ಪಡಿಸಿದ ಮಧ್ಯವರ್ತಿ ಕೊಟ್ಟ ಚೀಟಿಯಲ್ಲಿ 'ಬೆಳಗ್ಗೆ 11ಕ್ಕೆ ರೀಫ್ (ಹವಳದ ದಿಬ್ಬ) ನಡಿಗೆ' ಎಂದು ಅಚ್ಚಾಗಿತ್ತು. ಯಾವ ವಾರ ಹೋದರೂ ಅದೇ ಚೀಟಿ, ಅದೇ ಹನ್ನೊಂದು ಗಂಟೆ. ಉಬ್ಬರ ಇಳಿತಗಳು ಚಂದ್ರನ ಹಿಂದೆ ಹೋಗುವುದರಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತವೆ. ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಅಷ್ಟಮಿಯ ಸುಮಾರಿಗೆ ನೀರು ಅರ್ಧಕ್ಕೇ ನಿಂತುಬಿಡುತ್ತದೆ. ಇದನ್ನೆಲ್ಲ ಬಿಟ್ಟು ಸಮಯ ಬರೆದು ಹಣ ಪಡೆಯುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಹೋಂಸ್ಟೇಯವರು ಚೀಟಿಯನ್ನು ನೋಡಿ ಪಕ್ಕಕ್ಕಿಟ್ಟರು. "ಟೀಚರ್, ನಾಳೆ ಐದೂವರೆಗೆ ಬಾಗಿಲು ಬಡಿಯುತ್ತೇನೆ. ಅಮಾವಾಸ್ಯೆ ಈಗಷ್ಟೇ ಕಳೆದಿದೆ, ಏಳರ ಹೊತ್ತಿಗೆ ನೀರು ತಳ ಕಾಣುತ್ತದೆ" ಎಂದರು ತಮ್ಮ. ಮಂಗಳೂರಿನ ಬಂದರಿನಲ್ಲಿ ಕೆಲಸ ಮಾಡಿದ್ದವರಾದ್ದರಿಂದ ಅವರಿಗೆ ಕನ್ನಡ ಬರುತ್ತದೆ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿದರು.

ಪೂರ್ವದ ದಂಡೆಯಲ್ಲಿ ಮೊದಲು ಪಾದರಕ್ಷೆ ತಪಾಸಣೆ. ಚಪ್ಪಲಿ ಹಾಕಿಕೊಂಡು ಬಂದವರಿಗೆ ಗಟ್ಟಿ ಅಡಿಯ ರಬ್ಬರ್ ಶೂ ಕೊಡುತ್ತಾರೆ. ನಂತರ ನಿಯಮಗಳು: ಅವರು ಕಾಲಿಟ್ಟಲ್ಲೇ ಕಾಲಿಡಬೇಕು, ಮರಳು ಇಲ್ಲವೇ ಸತ್ತ ಹವಳದ ಗಟ್ಟಿ ಕಲ್ಲಿನ ಮೇಲೆ ಮಾತ್ರ, ಕಂದು, ಹಳದಿ, ನೇರಳೆ ಬಣ್ಣ ಕಂಡರೆ ಅದು ಜೀವಂತ, ಸುತ್ತಿ ಹೋಗಬೇಕು, ಯಾವುದನ್ನೂ ಕೈಗೆತ್ತಿಕೊಳ್ಳುವಂತಿಲ್ಲ. ಮುಂಬಯಿಯಿಂದ ಬಂದಿದ್ದ ಒಬ್ಬ ತರುಣ ಕಡಲಸೌತೆಯ (ಸೌತೆಕಾಯಿಯಂತೆ ಕಾಣುವ ಮೆತ್ತನೆಯ ಕಡಲಪ್ರಾಣಿ) ಕಡೆ ಕೈ ಚಾಚಿದಾಗ ಅವರು ದನಿಯೇರಿಸದೆ ಆದರೆ ಖಡಾಖಂಡಿತವಾಗಿ ತಡೆದರು. ಕಡಲಸೌತೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಲಕ್ಷದ್ವೀಪದಲ್ಲಿ ಕಳ್ಳಸಾಗಣೆ ಮಾಡುವವರಿಂದ ಅದನ್ನು ವಶಪಡಿಸಿಕೊಂಡ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದನ್ನು ಉಳಿಸಲೆಂದೇ 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿ ಹವಳದ ದಿಬ್ಬವನ್ನು ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಮರಳನ್ನು ನುಂಗಿ, ಅದರಲ್ಲಿರುವ ಸಾವಯವ ಅಂಶವನ್ನಷ್ಟೇ ಹೀರಿ, ತೊಳೆದ ಮರಳನ್ನು ಹಿಂದಕ್ಕೆ ಬಿಡುವ ಈ ಪ್ರಾಣಿ ಇಲ್ಲದಿದ್ದರೆ ಲಗೂನಿನ ತಳ ಕೊಳೆಯುತ್ತಾ ಹೋಗುತ್ತದೆ.

ನಾನು ಬಹಳ ಹೊತ್ತು ನಿಂತದ್ದು ಒಂದು ದೈತ್ಯ ಕಪ್ಪೆಚಿಪ್ಪಿನ ಮುಂದೆ. ದೈತ್ಯ ಎಂದರೂ ಇಲ್ಲಿಯ ಜಾತಿ ಅಂಗೈಗಿಂತ ಸ್ವಲ್ಪ ದೊಡ್ಡದು. ಮೊಣಕಾಲು ಮುಳುಗದಷ್ಟು ನೀರಿನ ಗುಂಡಿಯಲ್ಲಿ, ಹವಳದ ಕಲ್ಲಿನೊಳಗೆ ಹುದುಗಿ ಕುಳಿತಿತ್ತು. ತೆರೆದ ಚಿಪ್ಪುಗಳ ನಡುವಿನಿಂದ ಹೊರಚೆಲ್ಲಿದ ಮಾಂಸದ ಅಂಚು ಕಡುನೀಲಿ, ಅದರ ಮೇಲೆ ಹಸಿರು ಚುಕ್ಕೆಗಳು, ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಕಪ್ಪು ಬಿಂದುಗಳ ಸಾಲು. ಆ ಬಿಂದುಗಳೇ ಅದರ ಕಣ್ಣುಗಳು. ನಮ್ಮನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿ, ನೆರಳು ಅದರ ಮೇಲೆ ಬೀಳದಂತೆ ನೋಡಿಕೊಂಡರು. ಕೊನೆಯಲ್ಲಿ ಒಮ್ಮೆ ಮಾತ್ರ ತಮ್ಮ ಕೈಯನ್ನು ಅಡ್ಡ ಹಿಡಿದರು: ನೆರಳು ತಾಗಿದ ಕ್ಷಣ ನೀಲಿ ಅಂಚು ಒಳಗೆ ಸೆಳೆದುಕೊಂಡು ಚಿಪ್ಪು ಮುಚ್ಚಿತು. ಆ ಮಾಂಸದೊಳಗೆ ಸೂಕ್ಷ್ಮ ಪಾಚಿಗಳಿವೆ. ಅವು ಬಿಸಿಲಿನಲ್ಲಿ ಮಾಡುವ ಆಹಾರದಲ್ಲಿ ಚಿಪ್ಪಿಗೂ ಪಾಲಿದೆ. ಮುಚ್ಚಿದಷ್ಟು ಹೊತ್ತು ಊಟ ನಿಂತಂತೆ. ಅದಕ್ಕಾಗಿಯೇ ಎರಡನೆಯ ಸಲ ಕೈ ಅಡ್ಡ ಹಿಡಿಯಲಿಲ್ಲ. ಪಾಠಪುಸ್ತಕದಲ್ಲಿ ಸಹಜೀವನ ಎಂದು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದದ್ದನ್ನು ಇವರು ಒಂದು ನೆರಳಿನಲ್ಲಿ ತೋರಿಸಿದರು. ಈ ಚಿಪ್ಪನ್ನೇ ಮುಂದಿಟ್ಟುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ ಅಗತ್ತಿಯ ಜನರ ಜೊತೆ ಸಂರಕ್ಷಣೆಯ ಕೆಲಸ ನಡೆಸಿದರು. ಅದಕ್ಕೆ 2008ರಲ್ಲಿ ಪ್ರಕೃತಿ ಸಂರಕ್ಷಣೆಗೆ ಕೊಡುವ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ಬಂತು.

ಆಕ್ಟೋಪಸ್ಸಿನ ಬಿಲವನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ತೂತಿನ ಬಾಯಲ್ಲಿ ಸಣ್ಣ ಕಲ್ಲುಗಳೂ ತಿಂದೆಸೆದ ಏಡಿಚಿಪ್ಪುಗಳೂ ಗುಡ್ಡೆಯಾಗಿದ್ದರೆ ಒಳಗೆ ಒಕ್ಕಲಿದೆ ಎಂದರ್ಥ. ಇಳಿತದಲ್ಲಿ ಆಕ್ಟೋಪಸ್ ಹಿಡಿಯುವುದು ಈ ದ್ವೀಪಗಳಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಅವರ ಮನೆಯಲ್ಲೂ ಅದು ಅಡುಗೆಗೆ ಬರುತ್ತದೆ. ಆದರೆ ಪ್ರವಾಸಿಗರ ನಡಿಗೆಯಲ್ಲಿ ಸಲಾಕೆ ತರುವುದಿಲ್ಲ. ದಿಬ್ಬದ ಅಂಚಿನಲ್ಲಿ ಕಪ್ಪು-ಬಿಳಿ ಬಣ್ಣದ, ದಪ್ಪ ಕೊಕ್ಕಿನ ಕ್ರಾಬ್ ಪ್ಲವರ್ ಹಕ್ಕಿಗಳ ಚಿಕ್ಕ ಗುಂಪು ಏಡಿ ಹುಡುಕುತ್ತಿತ್ತು. ಆರ್ಕ್ಟಿಕ್ ಕಡೆಯಿಂದ ಚಳಿಗಾಲಕ್ಕೆ ಬರುವ ಟರ್ನ್‌ಸ್ಟೋನ್‌ಗಳು ಕಲ್ಲು ಮಗುಚಿ ಹುಳ ಆರಿಸುತ್ತಿದ್ದವು. ಇವಕ್ಕೂ ಇಳಿತವೇ ಊಟದ ಗಂಟೆ. ನಾವು ಹತ್ತಿರ ಹೋದರೆ ಆ ಊಟ ತಪ್ಪುತ್ತದೆ ಎಂದು ದೂರದಲ್ಲೇ ನಿಲ್ಲಿಸಿ ತಮ್ಮ ಹಳೆಯ ಬೈನಾಕ್ಯುಲರ್ ಕೈಗಿತ್ತರು.

ನೀರು ತಿರುಗುವುದನ್ನು ಅವರು ನಮಗಿಂತ ಮೊದಲೇ ಅರಿತರು. ಗುಂಡಿಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಹೊರಕ್ಕೆ ಹರಿಯುತ್ತಿದ್ದ ನೀರು ನಿಂತಿತು, ತುಸು ಹೊತ್ತಿಗೆ ತೇಲುತ್ತಿದ್ದ ಒಂದು ಒಣ ಎಲೆ ದಂಡೆಯ ಕಡೆ ಸರಿಯತೊಡಗಿತು. ಅಷ್ಟು ಸಾಕು, "ಹೊರಡೋಣ" ಎಂದರು. ಫೋಟೋ ಇನ್ನೂ ಬಾಕಿ ಎಂದವರಿಗೆ ಒಂದು ನಿಮಿಷವನ್ನೂ ಕೊಡಲಿಲ್ಲ. ಈ ಶಿಸ್ತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮಧ್ಯಾಹ್ನದ ಉಬ್ಬರದಲ್ಲಿ ಲಗೂನಿನ ಕಡೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ನೀರು ತುಂಬಿದಾಗ ಹಸಿರು ಕಡಲಾಮೆಗಳು ಕಡಲಹುಲ್ಲು ಮೇಯಲು ದಂಡೆಯ ಹತ್ತಿರ ಬರುತ್ತವೆ. ಒಂದು ಕಾಲಕ್ಕೆ ಅಗತ್ತಿಯಲ್ಲಿ ಆಮೆಗಳು ಎಷ್ಟು ಹೆಚ್ಚಿದ್ದವೆಂದರೆ ಹುಲ್ಲುಗಾವಲೆಲ್ಲ ಬೋಳಾಗಿ, ಅದರಲ್ಲಿ ಮರಿ ಮಾಡುತ್ತಿದ್ದ ಮೀನುಗಳು ಕಡಿಮೆಯಾಗಿ, ಮೀನುಗಾರರು ಆಮೆಯನ್ನೇ ದೂರುವಂತಾಯಿತು. ಹುಲ್ಲು ತೀರಿದ ಮೇಲೆ ಆಮೆಗಳೂ ಬೇರೆ ದ್ವೀಪಗಳ ಲಗೂನುಗಳಿಗೆ ಹೋದವು. ಈ ವಿಷಯದಲ್ಲಿ ಸಂಶೋಧಕರ ಬರಹಗಳಿವೆ. ಆದರೆ ಮೀನು ಸಿಗದೆ ಮರಳಿದವರ ಬಾಯಿಂದಲೇ, ಆಮೆಯ ಮೇಲೆ ಸಿಟ್ಟಿಲ್ಲದೆ ಕೇಳುವುದಕ್ಕೆ ಬೇರೆಯೇ ತೂಕವಿದೆ. 1998, 2010, 2016, ಮತ್ತೆ 2024ರಲ್ಲಿ ಕಾದ ನೀರಿಗೆ ಹವಳ ಬಿಳಿಚಿಕೊಂಡದ್ದನ್ನೂ, ಹತ್ತಿರದ ಬಂಗಾರಂ ಬಳಿಯ ಪುಟ್ಟ ಪರಳಿ ದ್ವೀಪಗಳಲ್ಲೊಂದು ಕೊರೆದು ಕೊರೆದು ಇಲ್ಲವಾದದ್ದನ್ನೂ ಅವರು ಹೇಳಿದ್ದು ದೋಣಿಯಲ್ಲೇ.

ಮನೆಯ ಹಿತ್ತಲ ಬಾವಿಯನ್ನು ತಪ್ಪದೆ ತೋರಿಸಿಕೊಳ್ಳಿ. ಮಳೆನೀರು ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಹಾಗಾಗಿ ಸಮುದ್ರ ಏರಿದಾಗ ಬಾವಿಯ ನೀರೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಬಾವಿಕಟ್ಟೆಯ ಒಳಗೋಡೆಯ ಒದ್ದೆ ಗೆರೆ ನೋಡಿಯೇ ಯಜಮಾನರ ಹೆಂಡತಿ ದಂಡೆಯ ಸ್ಥಿತಿ ಹೇಳಬಲ್ಲರು. ಜೋರಾಗಿ ಪಂಪು ಹಾಕಿದರೆ ಉಪ್ಪು ಮೇಲೇರುತ್ತದೆ. ಆದ್ದರಿಂದ ಸ್ನಾನಕ್ಕೆ ಬಕೆಟ್, ಶವರ್ ಇಲ್ಲ. ಇದನ್ನು ಕೊರತೆಯೆಂದು ಬರೆದವರನ್ನು ನಾನು ಒಪ್ಪುವುದಿಲ್ಲ. ಕುಡಿಯುವುದಕ್ಕೆ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿದ ಸರಬರಾಜು ಇದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2011ರಲ್ಲಿ ಇಲ್ಲಿ ಸ್ಥಾವರ ಹಾಕಿದೆ. ಊಟಕ್ಕೆ ಅನ್ನ, ಟ್ಯೂನಾ ಸಾರು, ತೆಂಗಿನಕಾಯಿಯ ಜೊತೆ ಹುರಿದ ಮಾಸ್‌ಮೀನು (ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಟ್ಯೂನಾ). ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು, ತರಕಾರಿ ಹಡಗಿನಲ್ಲಿ ಬರಬೇಕು. ಮಂಗಳೂರಿನ ಹಳೆ ಬಂದರಿನಿಂದ ಈ ದ್ವೀಪಗಳಿಗೆ ಸಾಮಾನು ಹೋಗುವುದು ಬಹಳ ಹಿಂದಿನಿಂದ ಇದೆ. ಅಮಿನಿ ಕಡೆಯ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು.

ದೂರುಗಳೂ ಇವೆ. ನೀರೊಳಗೆ ನೋಡುವ ಮುಖಗವಸುಗಳ ರಬ್ಬರು ಒಣಗಿ ಸೀಳಿದೆ, ನೀರು ಒಳಗೆ ಬರುತ್ತದೆ. ರಬ್ಬರ್ ಶೂಗಳಲ್ಲಿ ಹೆಂಗಸರ ಅಳತೆಯವು ಕಡಿಮೆ. ನಡಿಗೆಯಲ್ಲಿ ಒಬ್ಬರ ಹಿಂದೆ ಆರೇಳು ಜನರಿಗಿಂತ ಹೆಚ್ಚಾದರೆ ಕೊನೆಯವರಿಗೆ ಮಾತು ಕೇಳಿಸುವುದಿಲ್ಲ; ಎರಡು ತಂಡ ಮಾಡಬೇಕು. ಇವನ್ನು ಹೊರಡುವಾಗ ಮನೆಯವರಿಗೂ ಹೇಳಿದ್ದೇನೆ.

ಹೋಗುವವರು ಪ್ರವೇಶ ಪರವಾನಗಿಗೆ ಮುಂಚೆಯೇ ಅರ್ಜಿ ಹಾಕಿ, ಮಳೆಗಾಲ ಬಿಟ್ಟು ಅಕ್ಟೋಬರಿನಿಂದ ಮೇ ಮೊದಲ ಭಾಗದೊಳಗಿನ ದಿನ ಆರಿಸಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತೆರೆದು ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ನಂತರದ ಎರಡು ಮೂರು ದಿನ ದ್ವೀಪದಲ್ಲಿರುವಂತೆ ನೋಡಿಕೊಳ್ಳಿ. ನಡಿಗೆಯ ಸಮಯವನ್ನು ಮಧ್ಯವರ್ತಿಯಿಂದ ಕೇಳಬೇಡಿ, ಮನೆಯವರಿಗೇ ನೇರವಾಗಿ ಫೋನ್ ಮಾಡಿ ಕೇಳಿ. ನಿಮ್ಮ ಅಳತೆಯ ಶೂ ಮತ್ತು ಮುಖಗವಸು ಇದ್ದರೆ ಜೊತೆಗೆ ಒಯ್ಯಿರಿ.